ಹಳೇ ಸಿಎನ್‌ಸಿ ಮಿಲ್ಲಿಂಗ್ ಮೆಷಿನ್‌ಗೆ ಎಲೆಕ್ಟ್ರಾನಿಕ್ ಪಾರ್ಟ್ಸ್: ಕಂಪನಿಯಿಂದಲೇ ತರಿಸೋದಾ, ರಿಪೇರಿ ಮಾಡಿಸೋದಾ, ಸೆಕೆಂಡ್ ಹ್ಯಾಂಡ್ ಹುಡುಕೋದಾ?

ಬೆಂಗಳೂರಿನ ಪೀಣ್ಯದಲ್ಲಿ, ಬೆಳಗಾವಿಯ ಉದ್ಯಮಬಾಗ್‌ನಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಇಪ್ಪತ್ತೈದು-ಮೂವತ್ತು ವರ್ಷ ಹಳೆಯ ವಿಎಂಸಿಗಳು (ನೇರ ನಿಂತ ಸ್ಪಿಂಡಲ್ ಇರುವ, ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮೆಷಿನ್‌ಗಳು) ಇವತ್ತಿಗೂ ದುಡಿಯುತ್ತಿವೆ. ಎರಕದ ಬೆಡ್‌ಗೆ ಏನೂ ಆಗಿರುವುದಿಲ್ಲ. ಬಾಲ್ ಸ್ಕ್ರೂ, ಬೇರಿಂಗ್ ಬದಲಾಯಿಸಿದರೆ ಮೆಕ್ಯಾನಿಕಲ್ ಕಡೆ ಮತ್ತೆ ಎಷ್ಟೋ ವರ್ಷ ಚಿಂತೆ ಇಲ್ಲ. ಕೈಕೊಡುವುದು ಎಲೆಕ್ಟ್ರಾನಿಕ್ಸ್. ಒಂದು ಸರ್ವೋ ಆಂಪ್ಲಿಫೈಯರ್ (ಆಕ್ಸಿಸ್ ಮೋಟಾರ್‌ಗೆ ಕರೆಂಟ್ ಕೊಟ್ಟು ಓಡಿಸುವ ಡ್ರೈವ್) ಹೋಯಿತು, ಒಂದು ಪವರ್ ಸಪ್ಲೈ ಸತ್ತಿತು ಅಂದರೆ ಇಡೀ ಮೆಷಿನ್ ನಿಂತುಹೋಗುತ್ತದೆ. ಆಮೇಲೆ ಶುರುವಾಗುತ್ತದೆ ಫೋನ್ ಮಾಡುವ ಕೆಲಸ.

ಫೋನ್ ಮಾಡಿದ ಕಡೆಯೆಲ್ಲ ನಾವು ಮೊದಲು ಕೇಳುವುದು ರೇಟು. ಅದು ಎರಡನೇ ಪ್ರಶ್ನೆ ಆಗಬೇಕು. ಮೊದಲನೆಯದು ಇದು: "ಇದನ್ನ ಹೇಗೆ ಟೆಸ್ಟ್ ಮಾಡಿದ್ದೀರಿ?" ಕಂಪನಿ, ರಿಪೇರಿ ಅಂಗಡಿ, ಸೆಕೆಂಡ್ ಹ್ಯಾಂಡ್ ಡೀಲರ್, ವಿದೇಶದ ಮಾರಾಟಗಾರ, ಗುಜರಿ, ಎಲ್ಲರನ್ನೂ ನಾನು ಈ ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ. ಟೆಸ್ಟ್ ಆಗದ ಬೋರ್ಡ್ ಅರ್ಧ ಬೆಲೆಗೆ ಸಿಕ್ಕರೂ ಅದು ಅಗ್ಗ ಅಲ್ಲ. ಅದು ನಿಮ್ಮ ಮೆಷಿನ್ ಮೇಲೆಯೇ ಟೆಸ್ಟ್ ಆಗುತ್ತದೆ, ಪಕ್ಕದಲ್ಲಿರುವ ಒಳ್ಳೆಯ ಬೋರ್ಡನ್ನೂ ಜೊತೆಗೆ ಎಳೆದುಕೊಂಡು ಹೋಗಬಹುದು.

ಉದಾಹರಣೆಗೆ ನಮ್ಮ ಕಡೆ ಜಾಸ್ತಿ ಕಾಣುವ ಫ್ಯಾನಕ್ ಕಂಪನಿಯ ಸೀರೀಸ್ 0 ಕಂಟ್ರೋಲ್ (ಮೆಷಿನ್ ನಡೆಸುವ ಕಂಪ್ಯೂಟರ್) ಮತ್ತು ಆಲ್ಫಾ ಡ್ರೈವ್‌ಗಳನ್ನೇ ಇಟ್ಟುಕೊಳ್ಳುತ್ತೇನೆ. ಸೀಮೆನ್ಸ್ ಕಂಟ್ರೋಲ್ ಇರುವವರಿಗೆ ಅಲ್ಲಲ್ಲಿ ವ್ಯತ್ಯಾಸ ಹೇಳುತ್ತೇನೆ.

ತರಿಸುವ ಮೊದಲು: ಹೋಗಿರುವುದು ನಿಜವಾಗಿ ಯಾವುದು?

ಸೀರೀಸ್ 0 ಕಂಟ್ರೋಲ್ ಇರುವ ಮಿಲ್ಲಿಂಗ್ ಮೆಷಿನ್‌ನಲ್ಲಿ 414 ಅಲಾರಂ ಬಂತು ಅಂದುಕೊಳ್ಳಿ. ಅದು ಎಕ್ಸ್ ಆಕ್ಸಿಸ್‌ನ ಡಿಜಿಟಲ್ ಸರ್ವೋ ಅಲಾರಂ. ವೈ ಆದರೆ 424, ಝಡ್ ಆದರೆ 434. ಇಷ್ಟು ನೋಡಿದ ಕೂಡಲೇ "ಆಂಪ್ಲಿಫೈಯರ್ ಹೋಯ್ತು" ಅಂತ ತೀರ್ಮಾನ ಮಾಡುವವರೇ ಹೆಚ್ಚು. ಆದರೆ ಡಯಾಗ್ನೋಸ್ಟಿಕ್ ಪೇಜ್‌ನಲ್ಲಿ 720ನೇ ನಂಬರ್ ತೆಗೆದರೆ ಎಂಟು ಬಿಟ್‌ಗಳು ಕಾಣುತ್ತವೆ. ವೈಗೆ 721, ಝಡ್‌ಗೆ 722. ಯಾವ ಬಿಟ್ 1 ಆಗಿದೆ ಅನ್ನುವುದರ ಮೇಲೆ ಕಥೆಯೇ ಬೇರೆಯಾಗುತ್ತದೆ. ಫೀಡ್‌ಬ್ಯಾಕ್ ಬಿಟ್ ಆಗಿದ್ದರೆ ಎನ್‌ಕೋಡರ್ (ಮೋಟಾರ್ ಎಷ್ಟು ತಿರುಗಿತು ಅಂತ ಹೇಳುವ ಸೆನ್ಸರ್) ಅಥವಾ ಅದರ ಕೇಬಲ್ ಕಡೆ ನೋಡಬೇಕು. ಲೋ ವೋಲ್ಟೇಜ್ ಆಗಿದ್ದರೆ ಒಳಬರುವ ಸಪ್ಲೈ ಕಡೆ. ಅತಿ ಕರೆಂಟ್ ತೋರಿಸುವ ಎಚ್‌ಸಿಎ ಬಿಟ್ ಆದರೆ ಆಂಪ್ಲಿಫೈಯರ್, ಮೋಟಾರ್, ಅವೆರಡರ ನಡುವಿನ ಕೇಬಲ್, ಮೂರೂ ಅನುಮಾನದಲ್ಲಿವೆ.

ಈ ಕೊನೆಯ ಕೇಸಿನಲ್ಲೇ ಜನ ದುಡ್ಡು ಕಳೆದುಕೊಳ್ಳುವುದು. ಕೂಲಂಟ್ ನುಗ್ಗಿ ಮೋಟಾರ್ ಕನೆಕ್ಟರ್ ಒಳಗೆ ಶಾರ್ಟ್ ಆಗಿರುತ್ತದೆ. ಆಂಪ್ಲಿಫೈಯರ್ ಸತ್ತಿರುವುದು ಅದರಿಂದಲೇ. ಹೊಸ ಆಂಪ್ಲಿಫೈಯರ್ ತಂದು ಹಾಕಿದರೆ ಅದೂ ಆ ಕ್ಷಣದಲ್ಲೇ ಹೋಗುತ್ತದೆ. ಆಮೇಲೆ ಮಾರಿದವನ ಜೊತೆ ಜಗಳ.

ಹಾಗಾಗಿ ಮೋಟಾರ್ ಕೇಬಲ್ಲನ್ನು ಆಂಪ್ಲಿಫೈಯರ್‌ನಿಂದ ಬಿಚ್ಚಿ, 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ, ವೈಂಡಿಂಗ್ ಮತ್ತು ಬಾಡಿ ನಡುವೆ ನೋಡಿ. 100 ಮೆಗಾ ಓಮ್‌ಗಿಂತ ಮೇಲಿದ್ದರೆ ಮೋಟಾರ್ ಚೆನ್ನಾಗಿದೆ. 10ರಿಂದ 100ರ ನಡುವೆ ಇದ್ದರೆ ಇನ್ಸುಲೇಷನ್ ಕೆಡಲು ಶುರುವಾಗಿದೆ. 1ಕ್ಕಿಂತ ಕೆಳಗೆ ಬಂದರೆ ಆ ಮೋಟಾರ್ ಮೇಲೆ ಹೊಸ ಆಂಪ್ಲಿಫೈಯರ್ ಹಾಕಲೇಬೇಡಿ. ಮೆಗ್ಗರ್ ಹಾಕುವಾಗ ಆಂಪ್ಲಿಫೈಯರ್ ಕನೆಕ್ಟ್ ಆಗಿರಬಾರದು, ಎನ್‌ಕೋಡರ್ ಪಿನ್‌ಗಳ ಹತ್ತಿರ ಮೆಗ್ಗರ್ ಹೋಗಲೇಬಾರದು. ಹೋದರೆ ಒಂದು ಪಾರ್ಟ್ ಬದಲು ಎರಡು ತರಿಸಬೇಕಾಗುತ್ತದೆ.

ಎಕ್ಸ್ ಮತ್ತು ವೈ ಒಂದೇ ಸೈಜಿನ ಆಂಪ್ಲಿಫೈಯರ್ ಆಗಿದ್ದರೆ ಅದಲುಬದಲು ಮಾಡಿ ನೋಡುವುದು ಒಳ್ಳೆಯ ಪರೀಕ್ಷೆ. ಆದರೆ ಇದೂ ಮೆಗ್ಗರ್ ಟೆಸ್ಟ್ ಮುಗಿದ ಮೇಲೆ. ಝಡ್ ಆಕ್ಸಿಸ್ ಜೊತೆ ಈ ಆಟ ಬೇಡ. ಬ್ರೇಕ್ ಬಿಟ್ಟು ಸರ್ವೋ ಹಿಡಿಯದಿದ್ದರೆ ಹೆಡ್ ಕೆಳಗೆ ಬೀಳುತ್ತದೆ. ಝಡ್ ಮುಟ್ಟಲೇಬೇಕು ಅಂದರೆ ಟೇಬಲ್ ಮೇಲೆ ಮರದ ದಿಮ್ಮಿ ಇಟ್ಟು ಹೆಡ್ಡನ್ನು ಅದರ ಮೇಲೆ ಕೂರಿಸಿ ಮುಂದುವರಿಯಿರಿ. ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ ಡ್ರೈವ್ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. 200 ವೋಲ್ಟ್ ಕ್ಲಾಸಿನ ಫ್ಯಾನಕ್ ಡ್ರೈವ್‌ನಲ್ಲಿ ಸುಮಾರು 300 ವೋಲ್ಟ್ ಡಿಸಿ, ಸೀಮೆನ್ಸ್ ಸಿಮೋಡ್ರೈವ್ 611ನಲ್ಲಿ ಸುಮಾರು 600. ಚಾರ್ಜ್ ಎಲ್‌ಇಡಿ ಆರಿದ ಮೇಲೂ ಮೀಟರ್ ಇಟ್ಟು ನೋಡಿಯೇ ಕೈ ಹಾಕಿ.

ನಂಬರ್ ಪೂರ್ತಿ ಬರೆದುಕೊಳ್ಳಿ

ಇಲ್ಲಿ ನಿಧಾನ ಮಾಡಿದಷ್ಟೂ ಒಳ್ಳೆಯದು. ಫ್ಯಾನಕ್‌ನಲ್ಲಿ ಮೋಟಾರ್ ಮತ್ತು ಆಂಪ್ಲಿಫೈಯರ್‌ಗಳ ನಂಬರ್ ಎ06ಬಿ ಅಂತ ಶುರುವಾಗುತ್ತದೆ. ಬೋರ್ಡ್‌ಗಳದ್ದು ಎ16ಬಿ ಅಥವಾ ಎ20ಬಿ. ಆದರೆ ಬೋರ್ಡ್ ಮೇಲೆ ಎ350 ಅಂತ ಶುರುವಾಗುವ ಇನ್ನೊಂದು ನಂಬರ್ ಕೂಡ ಇರುತ್ತದೆ. ಅದು ಬರೀ ಪಿಸಿಬಿಯ, ಅಂದರೆ ಖಾಲಿ ಹಲಗೆಯ ನಂಬರ್, ಅದರ ಮೇಲೆ ಯಾವ ಐಸಿ ಕೂತಿವೆ ಅನ್ನುವುದನ್ನು ಅದು ಹೇಳುವುದಿಲ್ಲ. ಅದನ್ನೇ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರೆ ನಿಮಗೆ ಬರುವ ಬೋರ್ಡ್ ಬೇರೆಯೇ ಇರಬಹುದು. ಬೋರ್ಡ್ ನಂಬರ್ ಆದ ಮೇಲೆ ಓರೆಗೀಟು ಹಾಕಿ 03ಎ, 05ಬಿ ಥರ ಬರೆದಿರುವುದು ಎಡಿಷನ್. ಅದನ್ನೂ ಬರೆದುಕೊಳ್ಳಿ.

ಆಂಪ್ಲಿಫೈಯರ್ ವಿಷಯದಲ್ಲಿ ಒಂದು ಉದಾಹರಣೆ ನೋಡಿ. ಎ06ಬಿ-6079-ಎಚ್206 ಅನ್ನುವುದು ಎರಡು ಆಕ್ಸಿಸ್‌ನ ಆಲ್ಫಾ ಸರ್ವೋ ಮಾಡ್ಯೂಲ್, 40/40 ಸೈಜು. ಎ06ಬಿ-6096-ಎಚ್206 ಕೂಡ ಎರಡು ಆಕ್ಸಿಸ್, 40/40 ಸೈಜೇ. ಹಳದಿ ಮುಖ ಒಂದೇ, ಪ್ಯಾನೆಲ್‌ನಲ್ಲಿ ಕೂರುವ ಜಾಗವೂ ಒಂದೇ. ಆದರೆ 6079ಕ್ಕೆ ಕಂಟ್ರೋಲ್‌ನಿಂದ ತಾಮ್ರದ ಕಮಾಂಡ್ ಕೇಬಲ್ ಬರುತ್ತದೆ, 6096ಕ್ಕೆ ಆಪ್ಟಿಕಲ್ ಫೈಬರ್. ಒಂದರ ಜಾಗಕ್ಕೆ ಇನ್ನೊಂದು ನಡೆಯುವುದಿಲ್ಲ. "ಎಚ್206 ಇದೆಯಾ?" ಅಂತ ಮಾತ್ರ ಕೇಳಿದರೆ "ಇದೆ ಸಾರ್" ಅನ್ನುವ ಉತ್ತರ ಬರುತ್ತದೆ, ಅದು ಸುಳ್ಳೂ ಆಗಿರುವುದಿಲ್ಲ.

ಸ್ಪಿಂಡಲ್ ಮಾಡ್ಯೂಲ್‌ಗೆ ಕೊನೆಯಲ್ಲಿ ಹ್ಯಾಶ್ ಹಾಕಿ ಎಚ್500 ಥರದ ಬಾಲ ಇರುತ್ತದೆ. ಬಾಲ ಬಿಟ್ಟು ಬರೆದರೆ ಅದು ಅರ್ಧ ನಂಬರ್. ಸೀಮೆನ್ಸ್‌ನಲ್ಲಿ 6ಎಸ್ಎನ್, 6ಎಫ್ಎಕ್ಸ್, 6ಎಫ್‌ಸಿ ಅಂತ ಶುರುವಾಗುವ ನಂಬರ್ ಜೊತೆಗೆ ವರ್ಷನ್ ಕೂಡ ಲೇಬಲ್ ಮೇಲೆ ಇರುತ್ತದೆ. 611 ಡ್ರೈವ್‌ನಲ್ಲಿ ಪವರ್ ಮಾಡ್ಯೂಲ್ ಬೇರೆ, ಅದರೊಳಗೆ ಜಾರಿಸಿ ಕೂರಿಸುವ ಕಂಟ್ರೋಲ್ ಕಾರ್ಡ್ ಬೇರೆ. ಎರಡರಲ್ಲಿ ಯಾವುದು ಹೋಗಿದೆ ಅಂತ ತಿಳಿದರೆ ಖರ್ಚು ಅರ್ಧಕ್ಕೆ ಇಳಿಯಬಹುದು.

ಯೋಚನೆ ಬೇಡದ ಸಾಮಾನು

24 ವೋಲ್ಟ್ ರಿಲೇ, ಕಾಂಟ್ಯಾಕ್ಟರ್, ಪ್ರಾಕ್ಸಿಮಿಟಿ ಸ್ವಿಚ್, ಲಿಮಿಟ್ ಸ್ವಿಚ್, 24 ವೋಲ್ಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಇವನ್ನು ಹತ್ತಿರದ ಎಲೆಕ್ಟ್ರಿಕಲ್ ಡೀಲರ್ ಹತ್ತಿರ ಹೊಸದಾಗಿಯೇ ತೆಗೆದುಕೊಳ್ಳಿ. ಇದಕ್ಕೆ ಸೆಕೆಂಡ್ ಹ್ಯಾಂಡ್ ಹುಡುಕುವುದು ವ್ಯರ್ಥ. ಗಮನಿಸಬೇಕಾದದ್ದು ಎರಡೇ. ಕಾಂಟ್ಯಾಕ್ಟರ್ ಕಾಯಿಲ್ ಎಷ್ಟು ವೋಲ್ಟ್ ಅಂತ ನೋಡಿ, ಹಳೇ ಮೆಷಿನ್‌ಗಳಲ್ಲಿ 110 ವೋಲ್ಟ್ ಎಸಿ ಬಹಳ ಸಾಮಾನ್ಯ. ಪ್ರಾಕ್ಸಿಮಿಟಿ ಸ್ವಿಚ್ ಪಿಎನ್‌ಪಿಯೋ ಎನ್‌ಪಿಎನ್ನೋ, ಅಂದರೆ ಔಟ್‌ಪುಟ್ ಪ್ಲಸ್ ಕೊಡುತ್ತದೋ ಮೈನಸ್ ಕೊಡುತ್ತದೋ ಅಂತ ನೋಡಿ.

ಫ್ಯಾನ್ ಮಾತ್ರ ಸ್ವಲ್ಪ ವಿಶೇಷ. ಡ್ರೈವ್ ಒಳಗಿನ ಫ್ಯಾನ್‌ಗೆ ಮೂರು ವಯರ್ ಇದ್ದರೆ, ಮೂರನೆಯದು ಫ್ಯಾನ್ ತಿರುಗುತ್ತಿದೆಯಾ ಅಂತ ಡ್ರೈವ್‌ಗೆ ಹೇಳುವುದಕ್ಕೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅದೇ ಅಳತೆಯ ಎರಡು ವಯರ್ ಫ್ಯಾನ್ ಸಿಗುತ್ತದೆ, ಗಾಳಿಯೂ ಚೆನ್ನಾಗಿ ಬರುತ್ತದೆ, ಆದರೆ ಡ್ರೈವ್‌ನ ಅಲಾರಂ ಹೋಗುವುದಿಲ್ಲ. ಮೂರು ವಯರ್‌ನಲ್ಲೂ ಎರಡು ಥರ ಇವೆ. ಕೆಲವು ಫ್ಯಾನ್ ನಿಂತಾಗ ಮಾತ್ರ ಸಿಗ್ನಲ್ ಕೊಡುತ್ತವೆ, ಕೆಲವು ತಿರುಗುವಾಗ ಪಲ್ಸ್ ಕೊಡುತ್ತವೆ. ಹಳೇ ಫ್ಯಾನ್ ಮೇಲಿನ ಮಾಡೆಲ್ ನಂಬರನ್ನು ಅಕ್ಷರ ಬಿಡದೆ ನೋಡಿ ತರಬೇಕು.

ಫ್ಯೂಸ್ ವಿಷಯದಲ್ಲೂ ಹೀಗೇ. ಫ್ಯಾನಕ್ ಬೋರ್ಡ್‌ಗಳ ಮೇಲೆ ಡೈಟೋ ಕಂಪನಿಯ ಪುಟ್ಟ ಪ್ಲಾಸ್ಟಿಕ್ ಫ್ಯೂಸ್‌ಗಳಿರುತ್ತವೆ. ಎಲ್ಎಂ32 ಅಂದರೆ 3.2 ಆಂಪಿಯರ್, ಎಲ್ಎಂ50 ಅಂದರೆ 5 ಆಂಪಿಯರ್. ಫ್ಯೂಸ್ ಹೋದಾಗ ಅದರ ಮೇಲೆಯೇ ಗುರುತು ಕಾಣುತ್ತದೆ. ಇದರ ಬದಲು ತಂತಿ ಸುತ್ತಿ ಬೆಸುಗೆ ಹಾಕಿರುವ ಬೋರ್ಡ್‌ಗಳನ್ನು ನೋಡಿದರೆ ಸಂಕಟವಾಗುತ್ತದೆ. ಒಂದು ಫ್ಯೂಸ್ ಉಳಿಸಲು ಹೋಗಿ ಇಡೀ ಬೋರ್ಡಿನ ಟ್ರ್ಯಾಕ್ ಸುಟ್ಟಿರುತ್ತದೆ. ಒಂದಷ್ಟು ಫ್ಯೂಸ್ ತರಿಸಿ ಡ್ರಾಯರ್‌ನಲ್ಲಿ ಇಟ್ಟುಕೊಳ್ಳಿ, ಅಷ್ಟೇ.

ಕಂಪನಿಯಿಂದಲೇ

ಎಲ್ಲಕ್ಕಿಂತ ದುಬಾರಿ, ಎಲ್ಲಕ್ಕಿಂತ ನೆಮ್ಮದಿ. ಗ್ರಾಹಕ ಮೆಷಿನ್ ಬಳಸುವಷ್ಟು ಕಾಲ ಸರ್ವೀಸ್ ಕೊಡುತ್ತೇವೆ ಅನ್ನುವುದು ಫ್ಯಾನಕ್ ಬಹಿರಂಗವಾಗಿ ಹೇಳಿಕೊಂಡಿರುವ ನೀತಿ. ಫ್ಯಾನಕ್ ಇಂಡಿಯಾದ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇರುವುದರಿಂದ ನಮಗೆ ಇದು ದೂರದ ಮಾತೂ ಅಲ್ಲ. "ಇಷ್ಟು ಹಳೇದಕ್ಕೆ ಕಂಪನಿಯವರು ಎಲ್ಲಿ ಕೊಡ್ತಾರೆ" ಅಂತ ನಾವೇ ಅಂದುಕೊಂಡು ಫೋನ್ ಮಾಡದೆ ಇರುತ್ತೇವೆ. ಮೊದಲು ಅಲ್ಲೇ ಕೇಳಿ. ಕೊಳ್ಳದಿದ್ದರೂ ಪರವಾಗಿಲ್ಲ. ಅವರ ಕೊಟೇಷನ್ ಕೈಯಲ್ಲಿದ್ದರೆ ಬೇರೆಯವರ ರೇಟು ನ್ಯಾಯವೋ ಅಲ್ಲವೋ ಅಂತ ಗೊತ್ತಾಗುತ್ತದೆ.

ಕೇಳುವಾಗ ಮೂರು ರೇಟು ಕೇಳಬೇಕು: ಹೊಸದಕ್ಕೆ, ಹಳೇದು ಕೊಟ್ಟು ಎಕ್ಸ್‌ಚೇಂಜ್ ಮಾಡಿಕೊಂಡರೆ, ನಮ್ಮದನ್ನೇ ರಿಪೇರಿ ಮಾಡಿದರೆ. ಎಕ್ಸ್‌ಚೇಂಜ್ ಆದರೆ ಹಳೇ ಪಾರ್ಟ್ ರಿಪೇರಿ ಮಾಡುವ ಸ್ಥಿತಿಯಲ್ಲಿರಬೇಕು ಅನ್ನುವ ಷರತ್ತು ಸಾಮಾನ್ಯ. ಯಾರೋ ಮೊದಲೇ ಬಿಚ್ಚಿ ಬೆಸುಗೆ ಹಾಕಿದ್ದರೆ ಪೂರ್ತಿ ಬೆಲೆ ಬೀಳಬಹುದು. ಆದ್ದರಿಂದ ಕಂಪನಿಗೆ ಕಳಿಸುವ ಯೋಚನೆ ಇದ್ದರೆ ಲೋಕಲ್ ಆಗಿ ಬಿಚ್ಚಿಸುವ ಮೊದಲೇ ನಿರ್ಧಾರ ಮಾಡಿ. ಈ ಕ್ರಮ ತಿರುಗಿಸಿದರೆ ಎರಡೂ ಬಾಗಿಲು ಮುಚ್ಚುತ್ತವೆ.

ಸೀಮೆನ್ಸ್ ಪದ್ಧತಿ ಬೇರೆ. ಒಂದು ಮಾಡೆಲ್ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ 10 ವರ್ಷ ಸ್ಪೇರ್ಸ್ ಇರುತ್ತದೆ, ಆಮೇಲೆ ಕೈಚೆಲ್ಲುವ ದಿನ ಬರುತ್ತದೆ. ಹಳೇ ಸಿನುಮೆರಿಕ್ (ಸೀಮೆನ್ಸ್ ಕಂಟ್ರೋಲ್) ಇಟ್ಟುಕೊಂಡವರು ಆ ದಿನ ಯಾವಾಗ ಅಂತ ಇವತ್ತೇ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನನ್ನ ಅಭಿಪ್ರಾಯದಲ್ಲಿ ಸ್ಪಿಂಡಲ್ ಮಾಡ್ಯೂಲ್, ಎನ್‌ಕೋಡರ್ ಮತ್ತು ಬ್ಯಾಟರಿ ಈ ಮೂರಕ್ಕೆ ಕಂಪನಿಯೇ ಮೊದಲ ಆಯ್ಕೆ. ಸ್ಪಿಂಡಲ್ ಮಾಡ್ಯೂಲ್ ಯಾಕೆಂದರೆ ಅದರಲ್ಲಿ ಹರಿಯುವ ಕರೆಂಟ್ ದೊಡ್ಡದು, ಅರೆಬರೆ ರಿಪೇರಿ ಲೋಡ್ ಬಂದಾಗ ಸಿಡಿಯುತ್ತದೆ. ಎನ್‌ಕೋಡರ್ ಯಾಕೆಂದರೆ ಒಳಗಿನ ಗಾಜಿನ ತಟ್ಟೆ ಮೇಲೆ ಎಣ್ಣೆ ಕೂತಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಬ್ಯಾಟರಿಯನ್ನು ಬೇರೆ ಕಡೆ ತೆಗೆದುಕೊಳ್ಳಬಹುದು, ಆದರೆ ಅದು ನಿಜಕ್ಕೂ ಹೊಸದು ಅನ್ನುವ ಖಾತ್ರಿ ಬೇಕು.

ಲೋಕಲ್ ರಿಪೇರಿ

ಈ ದಾರಿಯನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಬೆಂಗಳೂರು ಮೆಷಿನ್ ಟೂಲ್ ಊರು. ಎಚ್‌ಎಂಟಿ ಕಾಲದಿಂದ ಇಲ್ಲಿ ಕಲಿತವರ ಕೈಗಳಿವೆ, ತುಮಕೂರು ರಸ್ತೆಯಲ್ಲಿ ಮೆಷಿನ್ ಟೂಲ್ ಸಂಶೋಧನಾ ಸಂಸ್ಥೆ ಸಿಎಂಟಿಐ ಇದೆ, ಮೆಷಿನ್ ಕಟ್ಟುವ ಕಂಪನಿಗಳಿವೆ. ಅಲ್ಲೆಲ್ಲ ದುಡಿದು ಹೊರಬಂದು ಸ್ವಂತ ರಿಪೇರಿ ಬೆಂಚ್ ಹಾಕಿಕೊಂಡವರು ಇದ್ದಾರೆ. ಒಳ್ಳೆಯವರು ಸಿಕ್ಕರೆ ಕಂಪನಿ ಬೆಲೆಯ ಸಣ್ಣ ಭಾಗದಲ್ಲಿ, ವಾರದೊಳಗೆ ಕೆಲಸ ಮುಗಿಯುತ್ತದೆ.

ಒಳ್ಳೆಯವರನ್ನು ಗುರುತಿಸುವುದು ಹೇಗೆ? ಅಂಗಡಿಗೆ ಹೋಗಿ ಬೆಂಚ್ ನೋಡಿ. ಗೋಡೆ ಪಕ್ಕದಲ್ಲಿ ಒಂದು ಸರ್ವೋ ಮೋಟಾರ್ ನಟ್ ಬಿಗಿದು ನಿಲ್ಲಿಸಿರಬೇಕು, ಅದರ ಜೊತೆಗೆ ಒಂದು ಚಾಲೂ ಕಂಟ್ರೋಲ್ ಇರಬೇಕು. ನಿಮ್ಮ ಆಂಪ್ಲಿಫೈಯರನ್ನು ಅದಕ್ಕೆ ಹಾಕಿ, ಮೋಟಾರ್ ತಿರುಗಿಸಿ, ಲೋಡ್ ಕೊಟ್ಟು ಬಿಸಿಯಾಗುವವರೆಗೆ ಓಡಿಸಿ ತೋರಿಸಬೇಕು. ಹಳೇ ಬೋರ್ಡ್‌ಗಳ ಬಹಳಷ್ಟು ತೊಂದರೆ ಬಿಸಿಯಾದ ಮೇಲೆಯೇ ಬರುವುದು. ಬರೀ ಮಲ್ಟಿಮೀಟರ್ ಹಿಡಿದು "ಐಜಿಬಿಟಿ ಓಕೆ ಇದೆ ಸಾರ್" ಅನ್ನುವುದು ಟೆಸ್ಟ್ ಅಲ್ಲ. (ಐಜಿಬಿಟಿ ಅಂದರೆ ಡ್ರೈವ್ ಒಳಗೆ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಪಾರ್ಟ್.)

ಇನ್ನೊಂದು ಗುರುತು ಕೆಪಾಸಿಟರ್. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ನ ಆಯುಷ್ಯ ಶಾಖದ ಮೇಲೆ ನಿಂತಿದೆ. 10 ಡಿಗ್ರಿ ಬಿಸಿ ಜಾಸ್ತಿಯಾದರೆ ಆಯುಷ್ಯ ಸುಮಾರು ಅರ್ಧವಾಗುತ್ತದೆ ಅನ್ನುವುದು ಈ ಕೆಲಸದಲ್ಲಿ ಎಲ್ಲರೂ ನಂಬುವ ಲೆಕ್ಕ. ಮೂವತ್ತು ವರ್ಷದ ಪವರ್ ಸಪ್ಲೈ ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿ. ಕೆಪಾಸಿಟರ್ ಬುಡದಲ್ಲಿ ಕಂದು ಬಣ್ಣದ ಜಿಡ್ಡು, ಅದರ ಸುತ್ತ ಹಸಿರು ಪೊರೆ ಕಟ್ಟಿ ಮಂಕಾದ ತಾಮ್ರದ ಗೆರೆ, ಬೆಸುಗೆ ಕಡ್ಡಿ ಇಟ್ಟರೆ ಮೂಗಿಗೆ ಬಡಿಯುವ ಮೀನಿನ ವಾಸನೆ. ಆ ಜಿಡ್ಡು ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ಒಳ್ಳೆಯ ರಿಪೇರಿಯವರು ಹೋದ ಒಂದು ಕೆಪಾಸಿಟರ್ ಮಾತ್ರ ಬದಲಾಯಿಸುವುದಿಲ್ಲ. ಎಲ್ಲ ಎಲೆಕ್ಟ್ರೋಲೈಟಿಕ್‌ಗಳನ್ನೂ ತೆಗೆದು, ಬೋರ್ಡ್ ತೊಳೆದು, ತಿಂದುಹೋದ ಗೆರೆಗೆ ಜಂಪರ್ ಹಾಕಿ, 105 ಡಿಗ್ರಿ ರೇಟಿಂಗಿನ ಹೊಸ ಕೆಪಾಸಿಟರ್ ಕೂರಿಸುತ್ತಾರೆ. ಏನೇನು ಬದಲಾಯಿಸಿದರು ಅಂತ ಪಟ್ಟಿ ಕೇಳಿ, ತೆಗೆದ ಹಳೇ ಸಾಮಾನನ್ನೂ ವಾಪಸ್ ಕೇಳಿ.

ಕೆಪಾಸಿಟರ್, ಐಜಿಬಿಟಿಯನ್ನು ನೀವೇ ತಂದುಕೊಡುವುದಾದರೆ ಅಧಿಕೃತ ಡಿಸ್ಟ್ರಿಬ್ಯೂಟರ್ ಹತ್ತಿರವೇ ತೆಗೆದುಕೊಳ್ಳಿ. ಎಸ್‌ಪಿ ರೋಡ್ ಆಗಲಿ, ಚೆನ್ನೈನ ರಿಚಿ ಸ್ಟ್ರೀಟ್ ಆಗಲಿ, ಮುಂಬೈನ ಲ್ಯಾಮಿಂಗ್ಟನ್ ರೋಡ್ ಆಗಲಿ, ಕನೆಕ್ಟರ್, ವಯರ್, ಸಾಮಾನ್ಯ ಐಸಿಗೆ ಬಹಳ ಒಳ್ಳೆಯ ಜಾಗಗಳು. ಆದರೆ ಉತ್ಪಾದನೆ ನಿಂತಿರುವ ಪವರ್ ಮಾಡ್ಯೂಲ್‌ಗಳಲ್ಲಿ ಹಳೇದನ್ನು ಉಜ್ಜಿ ಹೊಸ ಪ್ರಿಂಟ್ ಹಾಕಿದ ಮಾಲು ಓಡಾಡುತ್ತದೆ. ಹೋದ ವರ್ಷದ ಡೇಟ್ ಕೋಡ್ ಇದ್ದು, ಮಾಡೆಲ್ ಹತ್ತು ವರ್ಷದ ಹಿಂದೆಯೇ ನಿಂತಿದ್ದರೆ ಅದು ನಕಲಿ, ಬೇರೆ ಪುರಾವೆ ಬೇಡ. ಸ್ಕ್ರೂ ಹಾಕುವ ತೂತಿನ ಸುತ್ತ ವಾಷರ್ ಗುರುತು ಇದ್ದರೆ ಅದು ಮೊದಲೇ ಎಲ್ಲೋ ಕೆಲಸ ಮಾಡಿದ ಮಾಲು.

ರಿಪೇರಿಗೆ ಕಳಿಸುವಾಗ ಡೆಲಿವರಿ ಚಲನ್ ಮಾಡಿ, ಸೀರಿಯಲ್ ನಂಬರ್ ಬರೆದು, ಫೋಟೋ ಇಟ್ಟುಕೊಳ್ಳಿ. ಬೋರ್ಡನ್ನು ನ್ಯೂಸ್‌ಪೇಪರ್‌ನಲ್ಲಿ, ಬಬಲ್ ರ‍್ಯಾಪ್‌ನಲ್ಲಿ ನೇರವಾಗಿ ಸುತ್ತಬೇಡಿ. ಆಂಟಿಸ್ಟ್ಯಾಟಿಕ್ ಕವರ್ ಒಳಗೆ ಹಾಕಿ, ಅದರ ಮೇಲೆ ಬಬಲ್ ರ‍್ಯಾಪ್.

ಸೆಕೆಂಡ್ ಹ್ಯಾಂಡ್ ಡೀಲರ್ ಮತ್ತು ವಿದೇಶದ ಮಾಲು

ಸೆಕೆಂಡ್ ಹ್ಯಾಂಡ್ ಅನ್ನುವುದರಲ್ಲೇ ಮೂರು ಜಾತಿ. ಬಿಚ್ಚಿ ತಂದು ಶೆಲ್ಫ್‌ನಲ್ಲಿ ಇಟ್ಟಿದ್ದು. ಬಿಚ್ಚಿ, ತೊಳೆದು, ಹೊಸ ಲೇಬಲ್ ಹಾಕಿದ್ದು. ನಿಜವಾಗಿ ಕೆಪಾಸಿಟರ್, ಫ್ಯಾನ್ ಬದಲಾಯಿಸಿ ಓಡಿಸಿ ನೋಡಿದ್ದು. ಮೂರನ್ನೂ "ರಿಫರ್ಬಿಶ್ಡ್" ಅಂತಲೇ ಮಾರುತ್ತಾರೆ. ಮತ್ತದೇ ಪ್ರಶ್ನೆ ಕೇಳಿ, ಜೊತೆಗೆ ನಿಮ್ಮ ಪಾರ್ಟಿನ ಸೀರಿಯಲ್ ನಂಬರ್ ಕಾಣುವಂತೆ ಓಡುತ್ತಿರುವ ವಿಡಿಯೋ ಕೇಳಿ. ನಿಜವಾಗಿ ಟೆಸ್ಟ್ ಮಾಡುವವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ವಾರಂಟಿ ಎಷ್ಟು ತಿಂಗಳು ಅನ್ನುವುದಕ್ಕಿಂತ, ಹೋದರೆ ದುಡ್ಡು ವಾಪಸ್ಸೋ ಬದಲಿ ಪಾರ್ಟೋ, ಸಾಗಣೆ ಖರ್ಚು ಯಾರದು ಅನ್ನುವುದನ್ನು ಬಿಲ್ ಮೇಲೆ ಬರೆಸಿ.

ಇಂಟರ್ನೆಟ್‌ನಲ್ಲಿ ಅಮೆರಿಕ, ಜರ್ಮನಿ, ಚೀನಾದ ಮಾರಾಟಗಾರರ ಹತ್ತಿರ ಅದೇ ಪಾರ್ಟ್ ಕಡಿಮೆ ಬೆಲೆಗೆ ಕಾಣುತ್ತದೆ. ಅಲ್ಲಿ ಕಾಣುವ ಬೆಲೆಗೆ ಸಾಗಣೆ, ಕಸ್ಟಮ್ಸ್ ಸುಂಕ, ಐಜಿಎಸ್‌ಟಿ, ಕ್ಲಿಯರಿಂಗ್ ಏಜೆಂಟ್ ಖರ್ಚು ಸೇರಿಸಿಯೇ ಹೋಲಿಸಬೇಕು. ಐಜಿಎಸ್‌ಟಿ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ, ಉಳಿದದ್ದು ಬರುವುದಿಲ್ಲ. ಆಮದಿಗೆ ಐಇಸಿ (ಆಮದು-ರಫ್ತು ಕೋಡ್) ನಂಬರ್ ಬೇಕು.

ಇದಕ್ಕಿಂತ ಮುಖ್ಯವಾದ, ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ ಮೆಷಿನ್‌ಗಳ ರಿಫರ್ಬಿಶ್ಡ್ ಸ್ಪೇರ್ಸ್ ತರಿಸಲು ಅವಕಾಶ ಇದೆ, ಆದರೆ ಹೊಸ ಪಾರ್ಟಿನ ಆಯುಷ್ಯದಲ್ಲಿ ಕನಿಷ್ಠ 80% ಉಳಿದಿದೆ ಅನ್ನುವ ಚಾರ್ಟರ್ಡ್ ಎಂಜಿನಿಯರ್ ಸರ್ಟಿಫಿಕೇಟ್ ಬೇಕು. ಅದಿಲ್ಲದೆ ಕೊರಿಯರ್‌ನಲ್ಲಿ ಬಂದ ಬಾಕ್ಸ್ ಕಸ್ಟಮ್ಸ್‌ನಲ್ಲಿ ಕೂತರೆ, ಅರ್ಜೆಂಟ್ ಅಂತ ತರಿಸಿದ ಪಾರ್ಟ್ ಅಲ್ಲೇ ದಿನ ಕಳೆಯುತ್ತದೆ. ಹೊಸದು ಅಂತ ಸುಳ್ಳು ಬರೆಸಿ ತರಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ.

ವಿದೇಶದಿಂದ ತರಿಸಿದ್ದು ಕೆಟ್ಟಿದ್ದರೆ ವಾಪಸ್ ಕಳಿಸುವುದೂ ಒಂದು ದೊಡ್ಡ ಕಾಗದದ ಕೆಲಸ. ಹಾಗಾಗಿ ಮೆಷಿನ್ ನಿಂತಿರುವಾಗ ಈ ದಾರಿ ನನಗೆ ಇಷ್ಟವಿಲ್ಲ. ಮೆಷಿನ್ ಓಡುತ್ತಿರುವಾಗ, ಮುಂದಕ್ಕೆ ಬೇಕು ಅಂತ ಒಂದು ಸ್ಪೇರ್ ತರಿಸಿ ಇಟ್ಟುಕೊಳ್ಳುವುದಕ್ಕೆ ಇದು ಚೆನ್ನಾಗಿದೆ. ಬಂದ ವಾರವೇ ಒಂದು ಭಾನುವಾರ ಹಾಕಿ ಓಡಿಸಿ ನೋಡಿ ಆಮೇಲೆ ಶೆಲ್ಫ್‌ಗೆ ಇಡಿ.

ಗುಜರಿಗೆ ಹೋಗುವ ಮೆಷಿನ್

ನಿಮ್ಮದೇ ಕಂಟ್ರೋಲ್, ನಿಮ್ಮದೇ ಸೀರೀಸ್ ಡ್ರೈವ್ ಇರುವ ಇನ್ನೊಂದು ಮೆಷಿನ್ ಸ್ಕ್ರ್ಯಾಪ್‌ಗೆ ಹೋಗುತ್ತಿದೆ ಅಂತ ಗೊತ್ತಾದರೆ ತಡಮಾಡಬೇಡಿ. ಎಷ್ಟೋ ಸಲ ಎರಡು ಬೋರ್ಡಿನ ದುಡ್ಡಿಗೆ ಇಡೀ ಪ್ಯಾನೆಲ್ ಸಿಗುತ್ತದೆ: ಪವರ್ ಸಪ್ಲೈ, ಆಕ್ಸಿಸ್ ಕಾರ್ಡ್, ಆಂಪ್ಲಿಫೈಯರ್, ಮಾನಿಟರ್, ಕೀ ಬೋರ್ಡ್, ಕೇಬಲ್ ಎಲ್ಲ. ಹಳೇ ಕನೆಕ್ಟರ್ ಸಮೇತ ಕೇಬಲ್ ಸಿಗುವುದೇ ಒಂದು ಭಾಗ್ಯ. ಒಂದೇ ಕಂಟ್ರೋಲ್‌ನ ಎರಡು ಮೂರು ಮೆಷಿನ್ ಇರುವ ಶಾಪ್‌ಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಷರತ್ತು ಒಂದೇ. ಕರೆಂಟ್ ತೆಗೆಯುವ ಮೊದಲು ಹೋಗಿ, ಮೆಷಿನ್ ಆನ್ ಮಾಡಿಸಿ, ಮೂರೂ ಆಕ್ಸಿಸ್ ಮತ್ತು ಸ್ಪಿಂಡಲ್ ಓಡುವುದನ್ನು ನೋಡಿ. ಮಳೆಯಲ್ಲಿ ಹೊರಗೆ ನಿಂತಿದ್ದ ಮೆಷಿನ್ ಆದರೆ ಬೇಡ. ತಂದ ಆಂಪ್ಲಿಫೈಯರ್‌ಗಳನ್ನು ಹಾಗೇ ವರ್ಷಗಟ್ಟಲೆ ಇಟ್ಟರೆ ದೊಡ್ಡ ಕೆಪಾಸಿಟರ್‌ಗಳು ಕೆಡುತ್ತವೆ, ಆಗೊಮ್ಮೆ ಈಗೊಮ್ಮೆ ಕರೆಂಟ್ ಕೊಟ್ಟು ಎಬ್ಬಿಸುತ್ತಿರಬೇಕು.

ಒಂದು ಎಚ್ಚರಿಕೆ. ಸೀರೀಸ್ 0ರ ಮೆಮೊರಿ ಕಾರ್ಡ್ ಮೇಲೆ ಇಪ್ರಾಮ್ ಅನ್ನುವ, ಪ್ರೋಗ್ರಾಂ ನೆನಪಿಟ್ಟುಕೊಳ್ಳುವ ಚಿಪ್‌ಗಳಿರುತ್ತವೆ. ಅದರಲ್ಲಿ ಮೆಷಿನ್ ಕಟ್ಟಿದವರು ಬರೆದ ಲ್ಯಾಡರ್ ಪ್ರೋಗ್ರಾಂ ಇರುತ್ತದೆ: ಟೂಲ್ ಚೇಂಜರ್ ಹೇಗೆ ತಿರುಗಬೇಕು, ಕೂಲಂಟ್ ಯಾವಾಗ ಬರಬೇಕು ಅನ್ನುವುದೆಲ್ಲ. ಇನ್ನೊಂದು ಕಂಪನಿಯ ಮೆಷಿನ್‌ನಿಂದ ತಂದ ಕಾರ್ಡನ್ನು ಹಾಗೇ ಹಾಕಿದರೆ ಆ ಮೆಷಿನ್ನಿನ ಲ್ಯಾಡರ್ ನಿಮ್ಮ ಟೂಲ್ ಚೇಂಜರ್ ನಡೆಸಲು ಹೋಗುತ್ತದೆ. ನಿಮ್ಮ ಹಳೇ ಕಾರ್ಡ್‌ನ ಲ್ಯಾಡರ್ ಚಿಪ್‌ಗಳನ್ನೇ ತೆಗೆದು, ತುದಿಯ ಕಚ್ಚು ಅದೇ ದಿಕ್ಕಿಗೆ ಇರುವಂತೆ ಹೊಸ ಕಾರ್ಡಿಗೆ ಹಾಕಬೇಕು. ಚಿಪ್ ಮೇಲಿನ ಸ್ಟಿಕ್ಕರ್ ಕೀಳಬೇಡಿ, ಕೆಳಗಿನ ಗಾಜಿನ ಕಿಟಕಿಗೆ ಬಿಸಿಲು ಬಿದ್ದರೆ ಡೇಟಾ ಅಳಿಯುತ್ತದೆ. ಚಿಪ್ ಓದಿ-ಬರೆಯುವ ಪ್ರೋಗ್ರಾಮರ್ ಯಂತ್ರ ಇರುವವರ ಹತ್ತಿರ ಹೋಗಿ ಆ ಚಿಪ್‌ಗಳನ್ನು ಓದಿಸಿ ಫೈಲ್ ಇಟ್ಟುಕೊಳ್ಳಿ. ಮೂವತ್ತು ವರ್ಷದ ಇಪ್ರಾಮ್ ಇನ್ನೂ ಎಷ್ಟು ದಿನ ನೆನಪಿಟ್ಟುಕೊಳ್ಳುತ್ತದೋ ಹೇಳಲಾಗದು.

ಮಾನಿಟರ್

ಇದರಲ್ಲಿ ನನಗೆ ಅನುಮಾನವೇ ಇಲ್ಲ. ಹಳೇ 9 ಇಂಚಿನ ಪಿಕ್ಚರ್ ಟ್ಯೂಬ್ ಹುಡುಕಬೇಡಿ, ಅದಕ್ಕೆಂದೇ ಮಾಡಿದ ಎಲ್‌ಸಿಡಿ ಕಿಟ್ ಹಾಕಿ. ಫ್ಯಾನಕ್ ಎ61ಎಲ್-0001-0093 ಥರದ ಮಾನಿಟರ್‌ಗಳಿಗೆ ಸ್ಕ್ರೂ ತೂತು, ಕನೆಕ್ಟರ್ ಸಮೇತ ಹೊಂದುವ ಕಿಟ್‌ಗಳು ಸಿಗುತ್ತವೆ. ಮನೆಯ ಕಂಪ್ಯೂಟರ್ ಎಲ್‌ಸಿಡಿ ಮಾತ್ರ ನಡೆಯುವುದಿಲ್ಲ. ವಿಜಿಎ ಶುರುವಾಗುವುದೇ 31.5 ಕಿಲೋಹರ್ಟ್ಸ್‌ನಿಂದ, ಹಳೇ ಸಿಎನ್‌ಸಿ ಸಿಗ್ನಲ್‌ಗಳು ಅದಕ್ಕಿಂತ ಕೆಳಗೆ ಓಡುತ್ತವೆ. ಬದಲಾಯಿಸುವಾಗ ಟ್ಯೂಬ್‌ನ ಹಿಂದಿನ ಹೈ ವೋಲ್ಟೇಜ್ ಕ್ಯಾಪ್ ಮುಟ್ಟುವ ಮೊದಲು ಡಿಸ್‌ಚಾರ್ಜ್ ಮಾಡಿಸಿ.

ಪಾರ್ಟ್ ಬಂತು, ಡೇಟಾ ಎಲ್ಲಿ?

ಎಲ್ಲ ಆಯ್ಕೆಗಳನ್ನೂ ವ್ಯರ್ಥ ಮಾಡುವ ಒಂದು ಸಂಗತಿ ಇದೆ: ಪ್ಯಾರಾಮೀಟರ್ (ಆ ಮೆಷಿನ್‌ಗೆಂದೇ ತುಂಬಿದ ಸೆಟ್ಟಿಂಗ್‌ಗಳು) ಬ್ಯಾಕಪ್ ಇಲ್ಲದಿರುವುದು. ಸೀರೀಸ್ 0ನಲ್ಲಿ ಮೆಮೊರಿ ಉಳಿಯುವುದು ಮೂರು ದೊಡ್ಡ ಡಿ ಸೈಜ್ ಆಲ್ಕಲೈನ್ ಸೆಲ್‌ಗಳ ಮೇಲೆ. ವರ್ಷಕ್ಕೊಮ್ಮೆ, ಕಂಟ್ರೋಲ್ ಆನ್ ಇರುವಾಗಲೇ ಬದಲಾಯಿಸಬೇಕು. ಆಫ್ ಮಾಡಿ ಸೆಲ್ ತೆಗೆದರೆ ಪ್ಯಾರಾಮೀಟರ್ ಹೋಗುತ್ತದೆ. 900ರ ಸಾಲಿನ ಪ್ಯಾರಾಮೀಟರ್‌ಗಳು ಆ ಮೆಷಿನ್‌ಗೆ ಕೊಂಡಿರುವ ಆಪ್ಷನ್‌ಗಳು. ಅವು ಹೋದರೆ ಅಂದಾಜಿನಲ್ಲಿ ತುಂಬಲು ಆಗುವುದಿಲ್ಲ. ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿದ ಹಳದಿಯಾದ ಒಂದು ಹಾಳೆ ಇರಬಹುದು, ಇವತ್ತೇ ಅದರ ಫೋಟೋ ತೆಗೆಯಿರಿ. ಆರ್‌ಎಸ್ 232 ಕೇಬಲ್ ಹಾಕಿ ಲ್ಯಾಪ್‌ಟಾಪ್‌ಗೆ ಎಲ್ಲ ಪ್ಯಾರಾಮೀಟರ್ ಇಳಿಸಿಕೊಳ್ಳಿ. 0ಐ, 18ಐ ಥರದ ಹೊಸ ಸೀರೀಸ್‌ನಲ್ಲಿ ಇದು ಇನ್ನೂ ಸುಲಭ, ಬೂಟ್ ಸ್ಕ್ರೀನ್‌ನಿಂದ ಮೆಮೊರಿ ಕಾರ್ಡ್‌ಗೆ ಪೂರ್ತಿ ಎಸ್‌ರ‍್ಯಾಮ್ ಬ್ಯಾಕಪ್ ಆಗುತ್ತದೆ. ಆಬ್ಸಲ್ಯೂಟ್ ಎನ್‌ಕೋಡರ್ ಬದಲಾಯಿಸಿದರೆ ಹೋಮ್ ಪೊಸಿಷನ್ ಮತ್ತೆ ಕೂರಿಸಬೇಕು, ಟೂಲ್ ಚೇಂಜ್ ಎತ್ತರವನ್ನೂ ನೋಡಿಕೊಳ್ಳಬೇಕು.

ಹೊಸ ಪಾರ್ಟ್ ಹಾಕಿದ ಮೇಲೆ ಪ್ಯಾನೆಲ್ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಡುವ ಅಭ್ಯಾಸ ದಯವಿಟ್ಟು ಬಿಡಿ. ನಮ್ಮ ಶಾಪ್‌ಗಳಲ್ಲಿ ಇದು ಎಲ್ಲೆಲ್ಲೂ ಇದೆ. ಎರಕದ ಕಬ್ಬಿಣದ ಪುಡಿ ಕರೆಂಟ್ ಹರಿಸುತ್ತದೆ. ಕೂಲಂಟ್ ಹನಿ ಜೊತೆ ಸೇರಿ ಬೋರ್ಡ್ ಮೇಲೆ ಕೂತರೆ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಪ್ಯಾನೆಲ್ ಏಸಿ ರಿಪೇರಿ ಮಾಡಿಸಿ, ಬಾಗಿಲ ಬೀಡಿಂಗ್ ಬದಲಾಯಿಸಿ.

ಯಾವಾಗ ಪಾರ್ಟ್ ಹುಡುಕೋದು ನಿಲ್ಲಿಸಬೇಕು?

ಒಂದು ವರ್ಷದೊಳಗೆ ಬೇರೆ ಬೇರೆ ಬೋರ್ಡ್‌ಗಳು ಒಂದಾದ ಮೇಲೊಂದು ಹೋಗುತ್ತಿದ್ದರೆ, ಅಥವಾ ಒಂದೇ ಪಾರ್ಟ್‌ಗೆ ಯಾವ ಕಡೆಯಿಂದಲೂ ಟೆಸ್ಟ್ ಆದ ಮಾಲು ಸಿಗದಿದ್ದರೆ, ರೆಟ್ರೋಫಿಟ್ ಯೋಚನೆ ಮಾಡಿ. ಹೊಸ ಕಂಟ್ರೋಲ್, ಹೊಸ ಡ್ರೈವ್, ಹೊಸ ಮೋಟಾರ್. ಫ್ಯಾನಕ್ 0ಐ-ಎಂಎಫ್, ಸೀಮೆನ್ಸ್ 828ಡಿ, ಮಿತ್ಸುಬಿಷಿ ಎಂ80 ಈ ಸಾಲಿನವು. ಲಿನಕ್ಸ್‌ಸಿಎನ್‌ಸಿ ಅನ್ನುವ ಸಾಫ್ಟ್‌ವೇರ್ ಕೂಡ ಇದೆ, ಉಚಿತ ಮತ್ತು ಗಟ್ಟಿ. ಆದರೆ ಅದನ್ನು ಕಟ್ಟಿದ ಹುಡುಗ ಕೆಲಸ ಬಿಟ್ಟು ಹೋದರೆ ಸರಿಮಾಡುವವರು ನಿಮ್ಮ ಶಾಪ್‌ನಲ್ಲೇ ಇರಬೇಕು. ಪ್ರೊಡಕ್ಷನ್ ಮೆಷಿನ್‌ಗೆ ನಾನು ಅದನ್ನು ಹೇಳುವುದಿಲ್ಲ, ಟೂಲ್ ರೂಮಿನ ಮೆಷಿನ್‌ಗೆ, ಕಾಲೇಜಿನ ಲ್ಯಾಬ್‌ಗೆ ಹೇಳುತ್ತೇನೆ.

ಮೊದಲು ಮೆಷಿನ್‌ನ ಮೆಕ್ಯಾನಿಕಲ್ ಸ್ಥಿತಿ ಅಳೆಯಿಸಿ. ಡಯಲ್ ಹಾಕಿ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಾಗುವಾಗಿನ ಸಡಿಲ) ನೋಡಿ, ಸ್ಪಿಂಡಲ್ ಟೇಪರ್‌ನಲ್ಲಿ ಮ್ಯಾಂಡ್ರಿಲ್ ಇಟ್ಟು ರನ್‌ಔಟ್ (ತಿರುಗುವಾಗಿನ ಓಲಾಟ) ನೋಡಿ, ಸಾಧ್ಯವಾದರೆ ಬಾಲ್‌ಬಾರ್ ಟೆಸ್ಟ್ (ಮೆಷಿನ್ ವೃತ್ತ ಎಷ್ಟು ಸರಿಯಾಗಿ ಸುತ್ತುತ್ತದೆ ಅಂತ ಅಳೆಯುವುದು) ಮಾಡಿಸಿ. ಗೈಡ್‌ವೇ ಸವೆದಿರುವ ಮೆಷಿನ್‌ಗೆ ಹೊಸ ಕಂಟ್ರೋಲ್ ಹಾಕಿದರೆ ಕೆಲಸದ ಅಳತೆ ಸುಧಾರಿಸುವುದಿಲ್ಲ. ಮೆಕ್ಯಾನಿಕಲ್ ಗಟ್ಟಿ ಇದ್ದರೆ ರೆಟ್ರೋಫಿಟ್ ಧೈರ್ಯವಾಗಿ ಮಾಡಿ.

ಬಿಚ್ಚಿದ ಹಳೇ ಬೋರ್ಡ್, ಡ್ರೈವ್‌ಗಳನ್ನು ರೆಟ್ರೋಫಿಟ್ ಮಾಡುವವರು ಹೊತ್ತುಕೊಂಡು ಹೋಗಲು ಬಿಡಬೇಡಿ. ಅದೇ ಕಂಟ್ರೋಲ್ ಇರುವ ಇನ್ನೊಂದು ಮೆಷಿನ್ ನಿಮ್ಮಲ್ಲಿ ಇಲ್ಲದಿದ್ದರೂ ಪಕ್ಕದ ರಸ್ತೆಯಲ್ಲಿ ಯಾರೋ ಅದನ್ನೇ ಹುಡುಕುತ್ತಿರುತ್ತಾರೆ. ಆರ್ಡರ್ ಕೊಡುವಾಗಲೇ ಎರಡು ಸಾಲು ಬರೆಸಿ: ಹೊಸ ಲ್ಯಾಡರ್‌ನ ಸೋರ್ಸ್ ಫೈಲ್ ಪಾಸ್‌ವರ್ಡ್ ಇಲ್ಲದೆ ನಮಗೆ ಕೊಡಬೇಕು, ಹೊಸ ಪ್ಯಾನೆಲ್‌ನ ವಯರಿಂಗ್ ಡ್ರಾಯಿಂಗ್ ಕೊಟ್ಟ ಮೇಲೆಯೇ ಕೊನೆಯ ಕಂತಿನ ದುಡ್ಡು.